ವೆನಿಸ್ಸಿನಿಂದ ಲ್ಯುಬ್ಲ್ಯಾನಾಕ್ಕೆ ಒಂದು ದಿನದ ಪಯಣ

ಪ್ರವಾಸದ ಲೇಖನವೆಂದರೆ ವಾಚಕರು ಸಹಜವಾಗಿಯೇ ಅರಮನೆಗಳನ್ನೂ ಗೋಪುರಗಳನ್ನೂ ಚಿತ್ರಶಾಲೆಗಳನ್ನೂ ಎದುರುನೋಡುವರು. ಅವುಗಳ ವರ್ಣನೆಯು ಬೇಕಾದಷ್ಟು ಪುಸ್ತಕಗಳಲ್ಲಿ ಬಂದಿದೆ. ಒಂದು ಊರನ್ನು ಬಿಟ್ಟು ಮತ್ತೊಂದು ಊರನ್ನು ಸೇರುವ ದಿನವೊಂದಿರುತ್ತದೆಯಲ್ಲ, ಗಂಟುಮೂಟೆಗಳ ಆ ದಿನದ ಸಮಾಚಾರವನ್ನು ಮಾತ್ರ ಯಾರೂ ಬರೆಯಲೊಲ್ಲರು. ವಯಸ್ಸಾದ ದಂಪತಿಗಳಿಗೆ ಪರದೇಶದಲ್ಲಿ ನಿಜವಾದ ಪೇಚಾಟಗಳು ಒದಗುವುದು ಆ ದಿನದಲ್ಲಿಯೇ. ನಾವು ಹೇಳಹೊರಟಿರುವುದು ಅಂತಹ ಒಂದು ದಿನದ ವೃತ್ತಾಂತ. ಇಟಲಿಯ ವೆನಿಸ್ ನಗರದಿಂದ ಟ್ರಿಯೆಸ್ಟ್ ರೇವಿನವರೆಗೆ ರೈಲಿನಲ್ಲಿಯೂ, ಅಲ್ಲಿಂದ ಸ್ಲೊವೇನಿಯ ದೇಶದ ರಾಜಧಾನಿಯಾದ ಲ್ಯುಬ್ಲ್ಯಾನಾದವರೆಗೆ ಬಸ್ಸಿನಲ್ಲಿಯೂ ಹೋಗುವುದೆಂದು ನಿಶ್ಚಯವಾಗಿತ್ತು. ಆಸ್ಟ್ರಿಯದ ಗ್ರಾಜ್ ನಗರದಲ್ಲಿ ಸಂಶೋಧನೆ ಮಾಡುತ್ತಿರುವ ನಮ್ಮ ಮಗಳು ಆ ಸಾಯಂಕಾಲ ಅಲ್ಲಿಗೆ ಬಂದು ಸೇರತಕ್ಕವಳು. ಅವಳಿಗೆ ಎರಡೇ ದಿನದ ರಜ. ಅವಳ ಮುಖವನ್ನು ನೋಡಿ ನಮಗೆ ಹದಿನಾಲ್ಕು ತಿಂಗಳಾಗಿತ್ತು.

ಹೊರಡುವ ಹಿಂದಿನ ಸಂಜೆ ಒಂದು ಅನಾಹುತವಾಯಿತು. ದೊಡ್ಡ ಕಾಲುವೆಯಲ್ಲಿ ಸಂಚರಿಸುವ ದೋಣಿಬಸ್ಸಿನ ಕಟಾಂಜನದ ಮೇಲೆ ಬಗ್ಗಿ, ನೀರಿನಲ್ಲಿ ನಿಂತ ಮನೆಗಳ ಹೊಸ್ತಿಲುಗಳನ್ನು ನೋಡುತ್ತಿದ್ದಾಗ, ನಮ್ಮ ಕನ್ನಡಕವು ಮೂಗಿನಿಂದ ಜಾರಿ ನೀರಿಗೆ ಬಿದ್ದಿತು. ಬದಲಿ ಕನ್ನಡಕವೊಂದು ಇತ್ತು. ಅದು ಮೈಸೂರಿನ ನಮ್ಮ ಮನೆಯ ಮೇಜಿನ ಮೇಲೆ ಕ್ಷೇಮವಾಗಿತ್ತು. ಅದನ್ನು ಮರೆಯಬೇಡಿರೆಂದು ನಮ್ಮ ಮನೆಯವರು ಎರಡು ಸಲ ಹೇಳಿದ್ದರೆಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದೇ ಮರ್ಯಾದೆ. ಅವರು ಮಾತ್ರ ಆಗ ಆ ಮಾತನ್ನೆತ್ತಲಿಲ್ಲ. ಎತ್ತಿದ್ದರೆ ನಮಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮದುವೆಯಾದ ಮೂವತ್ತೆಂಟು ವರ್ಷಗಳಿಂದ ನಮ್ಮ ಸಂಸಾರದಲ್ಲಿ ಪ್ರಯಾಣದ ಖಾತೆಗಳು ಹಂಚಿಹೋಗಿದ್ದವು. ಟಿಕೀಟು, ರಹದಾರಿ ಪತ್ರ, ವೇಳಾಪಟ್ಟಿ, ಕೂಲಿಯವರೊಡನೆ ಚರ್ಚೆ, ಇವೆಲ್ಲ ನಮ್ಮವು. ಬುತ್ತಿ, ಔಷಧ, ಬಟ್ಟೆಬರೆ ಅವರವು. ಕನ್ನಡಕವಿಲ್ಲದ ಮನುಷ್ಯನಿಗೆ ಮೊದಲನೆಯ ಖಾತೆಯಲ್ಲಿ ಮಾಡಲು ಏನೂ ಉಳಿಯುವುದಿಲ್ಲ. ನಮಗೆ ಹತ್ತಿರದ್ದೂ ಮಸುಕು, ದೂರದ್ದೂ ಮಸುಕು. ಕೋಟಿನ ಒಳಜೇಬಿನಿಂದ ರಹದಾರಿಗಳನ್ನು ತೆಗೆದು ಅವರ ಕೈಚೀಲಕ್ಕೆ ಹಾಕಿದಾಗ, ಅಧಿಕಾರ ಬಿಟ್ಟುಕೊಟ್ಟ ದಿವಾನರ ಮನಸ್ಸು ಹೇಗಿರುವುದೆಂದು ತಿಳಿಯಿತು.

ಆ ರಾತ್ರಿಯೇ ಅವರ ಕಾರ್ಯಭಾರ ಆರಂಭವಾಯಿತು. ಮರುದಿನ ರೈಲ್ವೆ ನೌಕರರ ಮುಷ್ಕರವೆಂಬ ಚೀಟಿಯನ್ನು ವಸತಿಗೃಹದ ಬಾಗಿಲಿನಲ್ಲಿ ಅಂಟಿಸಿದ್ದರು. ಇಟಲಿಯಲ್ಲಿ ರೈಲು ಮುಷ್ಕರಗಳು ಅಪರೂಪವಲ್ಲ. ಆದರೆ ಅವಕ್ಕೂ ಒಂದು ಶಿಸ್ತಿದೆ. 1990ನೆಯ ಇಸವಿಯ ಕಾನೂನಿನ ಪ್ರಕಾರ ಮುಷ್ಕರವನ್ನು ಮುಂಚಿತವಾಗಿ ಸಾರಬೇಕು; ಅತ್ಯಗತ್ಯವಾದ ಸೇವೆಗಳನ್ನು ನಡಸಬೇಕು. ಕೆಲಸದ ದಿನಗಳಲ್ಲಿ ಬೆಳಗ್ಗೆ 6ರಿಂದ 9ರವರೆಗೂ ಸಂಜೆ 6ರಿಂದ 9ರವರೆಗೂ ಪ್ರಾಂತದ ರೈಲುಗಳು ಓಡತಕ್ಕದ್ದೆಂದು ಏರ್ಪಾಡಾಗಿದೆ. ಮುಷ್ಕರವು ಆರಂಭವಾಗುವಾಗ ದಾರಿಯಲ್ಲಿರುವ ಗಾಡಿಯು ಒಂದು ಗಂಟೆಯೊಳಗೆ ಕೊನೆಯ ಸ್ಟೇಷನ್ನನ್ನು ಮುಟ್ಟುವಂತಿದ್ದರೆ ಮುಟ್ಟುವುದು. ಇಲ್ಲವಾದರೆ ನಡುವಿನ ಯಾವುದೋ ಸ್ಟೇಷನ್ನಿನಲ್ಲಿ ನಿಂತುಬಿಡಬಹುದು. ಈ ಮುಷ್ಕರವು ಬೆಳಗ್ಗೆ 9ಕ್ಕೆ ಮೊದಲಾಗತಕ್ಕದ್ದಾಗಿತ್ತು.

ಎಂಟು ಗಂಟೆಯ ಗಾಡಿಗೆ ಹೋದರಾಯಿತೆಂದು ನಾವು ಅಭಿಪ್ರಾಯಪಟ್ಟೆವು. ವಸತಿಗೃಹದಲ್ಲಿ ಏಳಕ್ಕೆ ಉಪಾಹಾರ ಕೊಡುವರು. ಅದರ ಹಣವನ್ನು ಆಗಲೇ ತೆತ್ತಾಗಿತ್ತು.

“ಟ್ರಿಯೆಸ್ಟಿಗೆ ಎರಡು ಗಂಟೆಯ ದಾರಿ. ಎಂಟಕ್ಕೆ ಹೊರಟರೆ ಸರಿಯಾಗಿ ಹತ್ತಕ್ಕೆ ಮುಟ್ಟಬೇಕು. ಹತ್ತು ನಿಮಿಷ ತಡವಾದರೆ ಹೊಲದ ಮಧ್ಯೆ ಇಳಿಸಿಬಿಡುತ್ತಾರೆ. ಮಗು ಅಲ್ಲಿ ಬಂದು ಕಾಯುತ್ತಿರುತ್ತೆ. ನಿಮಗೆ ಆ ಬ್ರೆಡ್ಡು ಹೆಚ್ಚೋ?” ಎಂದರು.

“ಆಗಲಿ, ನೀನು ಹೇಳಿದ ಹಾಗೇ ಆಗಲಿ” ಎಂದೆವು. ಏಳು ಗಂಟೆಯ ಒಳಗಿನ ಗಾಡಿಯೆಂದು ನಿರ್ಧಾರವಾಯಿತು.

ವೆನಿಸ್ಸಿನ ಓಣಿಗಳಲ್ಲಿ ಗಾಡಿಗಳ ಸಂಚಾರವಿಲ್ಲವೆಂಬುದು ಪ್ರಸಿದ್ಧವಾದ ಸಂಗತಿ. ಅದರ ಅರ್ಥವು ಪೆಟ್ಟಿಗೆ ಹೊತ್ತವನಿಗೆ ಮಾತ್ರ ಗೊತ್ತಾಗುವುದು. ಪ್ರತಿ ಸೇತುವೆಗೂ ಹತ್ತುವ ಮೆಟ್ಟಿಲು, ಇಳಿಯುವ ಮೆಟ್ಟಿಲು. ಮುಂಜಾವಿನ ನಿಶ್ಶಬ್ದದಲ್ಲಿ ನಮ್ಮ ಪೆಟ್ಟಿಗೆಯ ಚಕ್ರಗಳು ಕಲ್ಲುಹಾಸಿನ ಮೇಲೆ ಊರನ್ನೆಲ್ಲ ಎಬ್ಬಿಸುವಂತೆ ಸದ್ದು ಮಾಡಿದವು. ಮನೆಯವರು ಮುಂದೆ ಹೋಗಿ, “ಇನ್ನು ನಾಲ್ಕು ಮೆಟ್ಟಿಲು, ಕೊನೆಯದು ಸವೆದಿದೆ” ಎಂದು ಹೇಳುವುದು, ನಾವು ಹಿಂದಿನಿಂದ ಕಾಲಿನಿಂದ ತಡವಿಕೊಂಡು ಇಳಿಯುವುದು. ಹೀಗೆ ಸ್ಟೇಷನ್ನನ್ನು ಸೇರಿದೆವು.

ಆ ಸ್ಟೇಷನ್ನಿನ ಹೆಸರು ಸಾಂತಾ ಲೂಚಿಯಾ. ಆ ಸ್ಥಳದಲ್ಲಿದ್ದ ಲೂಚಿಯಾ ಸಾಧ್ವಿಯ ದೇವಾಲಯವನ್ನು ರೈಲ್ವೆಗಾಗಿ 1861ರಲ್ಲಿ ಕೆಡವಿದರು. ಸಾಧ್ವಿಯ ದೇಹಾವಶೇಷವು ಈಗ ಸಮೀಪದ ಸಾನ್ ಜೆರೆಮಿಯಾ ದೇವಾಲಯದಲ್ಲಿದೆ. ಕ್ರೈಸ್ತರಲ್ಲಿ ಈ ಸಾಧ್ವಿಯು ಕಣ್ಣುಗಳ ರಕ್ಷಕಿಯೆಂದು ಪ್ರಸಿದ್ಧಿ. ಇದನ್ನು ಮನೆಯವರು ಕೈಪಿಡಿಯಿಂದ ಓದಿ ಹೇಳಿದಾಗ, ಹಿಂದಿನ ದಿನವೇ ಆಕೆಯ ದರ್ಶನ ಮಾಡದೆಹೋದುದಕ್ಕೆ ಪಶ್ಚಾತ್ತಾಪವಾಯಿತು.

ಕಾಗದದ ಟಿಕೀಟುಗಳು ಕೈಯಲ್ಲಿದ್ದವು. ಗಾಡಿಯೂ ನಿಂತಿತ್ತು. ನಾವು ಹತ್ತಲು ಕಾಲೆತ್ತಿದೆವು. ಮನೆಯವರು ತೋಳು ಹಿಡಿದು ನಿಲ್ಲಿಸಿದರು. ಮುಂದಿದ್ದವರೆಲ್ಲ ಗೋಡೆಯ ಬಳಿಯ ಒಂದು ಸಣ್ಣ ಯಂತ್ರದ ಬಾಯಿಗೆ ಟಿಕೀಟನ್ನು ತೂರಿಸಿ ಹೋಗುತ್ತಿದ್ದುದನ್ನು ಅವರು ನೋಡಿದ್ದರು. ಇಟಲಿಯ ಪ್ರಾಂತದ ರೈಲುಗಳಲ್ಲಿ ಕಾಗದದ ಟಿಕೀಟಿಗೆ ದಿನಾಂಕದ ಮುದ್ರೆ ಹಾಕಿಸಿಯೇ ಹತ್ತತಕ್ಕದ್ದು, ತಪ್ಪಿದರೆ ದಂಡ. ಇದು ನಮಗೆ ತಿಳಿದಿದ್ದ ಸಂಗತಿಯೇ. ತಿಳಿದಿದ್ದೂ ಮರೆತಿದ್ದೆವು, ಅಷ್ಟೆ.

ವೆನಿಸ್ಸನ್ನು ನೆಲದೊಡನೆ ಕೂಡಿಸುವ ರೈಲು ಸೇತುವೆಯು 1846ರಲ್ಲಿ ತೆರೆದದ್ದು; ಅದಕ್ಕೆ 222 ಕಮಾನುಗಳು. ಅಲ್ಲಿಯವರೆಗೆ ಆ ಊರಿಗೆ ದೋಣಿಯೇ ಗತಿ. ಎರಡು ಕಡೆಯೂ ನೀರು, ನಡುವೆ ಗಾಡಿ. ನಮಗೆ ಕಂಡದ್ದು ಬೂದುಬಣ್ಣದ ಒಂದು ಬೆಳಕು ಮಾತ್ರ. ಧೃತರಾಷ್ಟ್ರನಿಗೆ ಸಂಜಯನು ಹೇಳಿದಂತೆ ಮನೆಯವರು ಹೇಳತೊಡಗಿದರು. ನೀರಿನಲ್ಲಿ ನೆಟ್ಟ ಮರದ ಗೂಟಗಳು, ಅವುಗಳ ಮೇಲೆ ಒಂದೊಂದು ಹಕ್ಕಿ. ಆಮೇಲೆ ಮುಸುಕಿನ ಜೋಳದ ಹೊಲಗಳು, ದ್ರಾಕ್ಷಿಯ ಸಾಲುಗಳು, ಹಂಚಿನ ಮನೆಗಳು. ಪಿಯಾವೆ ನದಿ ಬಂದಿತು, ತಾಲ್ಯಮೆಂತೊ ಬಂದಿತು, “ನೀರಿಗಿಂತ ಕಲ್ಲೇ ಹೆಚ್ಚು” ಎಂದರು. ಮುಂದೆ ಇಸೊನ್ಜೊ. ಮೊದಲನೆಯ ಮಹಾಯುದ್ಧದಲ್ಲಿ, 1915ರಿಂದ 1917ರೊಳಗೆ, ಈ ಒಂದು ಹೊಳೆಯ ಆಸುಪಾಸಿನಲ್ಲಿಯೇ ಹನ್ನೆರಡು ಕದನಗಳಾದವು. “ಬಟ್ಟೆ ಒಗೆಯುವ ಹೊಳೆಯ ಹಾಗಿದೆ” ಎಂದು ಅವರು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು.

ಮೊನ್‌ಫಾಲ್ಕೊನೆ ದಾಟಿದ ಮೇಲೆ ಬೆಟ್ಟವು ಎಡಕ್ಕೆ ಎದ್ದು ನಿಲ್ಲುವುದು. ಬಲಗಡೆ ಏಕಾಏಕಿ ಕಡಲು. ಅಷ್ಟು ನೀಲಿಯನ್ನು ಕನ್ನಡಕವಿಲ್ಲದೆಯೂ ನೋಡಬಹುದಾಗಿತ್ತು. ಈ ಸೀಮೆಯಲ್ಲಿ ಟಿಮಾವೊ ಎಂಬ ವಿಚಿತ್ರವಾದ ನದಿಯೊಂದಿದೆ. ಸ್ಲೊವೇನಿಯದಲ್ಲಿ ರೇಕಾ ಎಂಬ ಹೆಸರಿನಿಂದ ಹರಿದು, ಷ್ಕೊಟ್ಸ್ಯಾನ್ ಗುಹೆಗಳಲ್ಲಿ ನೆಲದೊಳಗೆ ಮರೆಯಾಗಿ, ಹತ್ತಾರು ಮೈಲಿ ಗುಪ್ತವಾಗಿ ಸಾಗಿ, ಇಲ್ಲಿ ಕಡಲ ಹತ್ತಿರ ಮತ್ತೆ ಮೇಲಕ್ಕೆ ಬಂದು, ಕೂಡಲೇ ಸಮುದ್ರವನ್ನು ಸೇರುವುದು. ನಮ್ಮಲ್ಲಿ ಸರಸ್ವತಿಯನ್ನು ಗುಪ್ತಗಾಮಿನಿಯೆನ್ನುವರಷ್ಟೆ. ಇದು ಕಣ್ಣೆದುರಿಗೆ ಎದ್ದುಬರುವ ಗುಪ್ತಗಾಮಿನಿ.

ಟ್ರಿಯೆಸ್ಟಿನಲ್ಲಿ ಇಳಿದಾಗ ಒಂಬತ್ತು ಗಂಟೆಯಾಗಲು ಕೆಲವೇ ನಿಮಿಷಗಳಿದ್ದವು. ಬಸ್ಸಿನ ವೇಳೆಯನ್ನು ವಿಚಾರಿಸಿಕೊಂಡು ಬರುವಷ್ಟರಲ್ಲಿ ಸ್ಟೇಷನ್ನಿನ ದೊಡ್ಡ ಫಲಕದ ಮೇಲೆ ಒಂದಾದಮೇಲೊಂದು ಗಾಡಿಯ ಎದುರಿಗೆ ರದ್ದೆಂಬ ಮಾತು ಬೀಳತೊಡಗಿತು. ಮನೆಯವರು ಅದನ್ನು ಓದಿದರು. ನಮ್ಮ ಕಡೆ ನೋಡಲಿಲ್ಲ. ಎಂಟರ ಗಾಡಿಯು ಏನಾಯಿತೋ ನಾವು ವಿಚಾರಿಸಲು ಹೋಗಲಿಲ್ಲ.

ಬಸ್ಸಿಗೆ ಮೂರು ಗಂಟೆಗಳಿದ್ದವು. ಟ್ರಿಯೆಸ್ಟ್ 1918ರವರೆಗೆ ಆಸ್ಟ್ರಿಯ ಚಕ್ರಾಧಿಪತ್ಯದ ರೇವಾಗಿದ್ದ ಪಟ್ಟಣ; 1719ರಲ್ಲಿ ಆರನೆಯ ಚಾರಲ್ಸ್ ಚಕ್ರವರ್ತಿಯು ಇದನ್ನು ಸುಂಕವಿಲ್ಲದ ಬಂದರೆಂದು ಸಾರಿದನು. ಅಂದಿನಿಂದ ಬೆಳೆದ ವ್ಯಾಪಾರಗಳಲ್ಲಿ ಕಾಫಿಯದು ದೊಡ್ಡದು. ಭಾರತದ ಕಾಫಿಯನ್ನು ಬಹುಕಾಲದಿಂದ ಅತಿ ಹೆಚ್ಚಾಗಿ ಕೊಳ್ಳುತ್ತಿರುವ ದೇಶವೂ ಇಟಲಿಯೇ; ಆ ಕಾಫಿಯ ಬಹುಭಾಗವು ಕೊಡಗು, ಚಿಕ್ಕಮಗಳೂರು, ಹಾಸನಗಳ ಇಳಿಜಾರುಗಳಲ್ಲಿ ಬೆಳೆದುದು. ಕಡಲಿಗೆ ಒಂದು ಮಗ್ಗುಲು ತೆರೆದಿರುವ ದೊಡ್ಡ ಚೌಕದ ಹತ್ತಿರ ಕುಳಿತು ಕಾಫಿ ತರಹೇಳಿದೆವು. ಈ ಊರಿನಲ್ಲಿ ಕಾಫಿಗೆ ಬೇರೆಯೇ ಪರಿಭಾಷೆ. ಹಾಲಿಲ್ಲದ್ದು ‘ನೇರೊ’, ಸ್ವಲ್ಪ ಹಾಲು ಬೆರಸಿದ್ದು ‘ಕಾಪೊ’, ಅದನ್ನೇ ಗಾಜಿನ ಲೋಟದಲ್ಲಿ ಕೊಟ್ಟರೆ ‘ಕಾಪೊ ಇನ್ ಬಿ’. ಮೂರೂ ಒಂದೊಂದು ಗುಟುಕು. ಮನೆಯವರು ಲೋಟವನ್ನು ಬೆಳಕಿಗೆ ಹಿಡಿದು ನೋಡಿ, “ನಮ್ಮಲ್ಲಿ ಮಕ್ಕಳಿಗೆ ಔಷಧ ಕೊಡುವ ಅಳತೆ” ಎಂದರು. ರುಚಿಯನ್ನು ಮಾತ್ರ ಹಳಿಯಲಿಲ್ಲ.

1857ರಲ್ಲಿಯೇ ವಿಯೆನ್ನಾದಿಂದ ಲ್ಯುಬ್ಲ್ಯಾನಾದ ಮೇಲೆ ಟ್ರಿಯೆಸ್ಟಿಗೆ ರೈಲುಮಾರ್ಗವಾಗಿತ್ತು. ಆಗ ಇವೆಲ್ಲ ಒಂದೇ ಚಕ್ರವರ್ತಿಯ ಊರುಗಳು. ನಡುವೆ ಗಡಿಗಳು ಬಿದ್ದವು, ಸರಿದವು. 1947ರಿಂದ 1954ರವರೆಗೆ ಟ್ರಿಯೆಸ್ಟ್ ಯಾರಿಗೂ ಸೇರದ ಸ್ವತಂತ್ರ ಪ್ರದೇಶವೆನಿಸಿಕೊಂಡಿತು. ಈಗ ಈ ಎರಡು ಊರುಗಳ ನಡುವೆ ನೇರವಾದ ರೈಲುಗಳು ಕೆಲವೇ. ಬಸ್ಸಿನಲ್ಲಿಯೇ ಜನರು ಹೆಚ್ಚಾಗಿ ಹೋಗುವರು.

ಆ ಬಸ್ಸು ಬರಬೇಕಾದ ಹೊತ್ತಿಗೆ ಬರಲಿಲ್ಲ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಬಂದು ಹೋಯಿತೋ, ಬರಲೇ ಇಲ್ಲವೋ ಹೇಳುವವರಿಲ್ಲ. ಇಂತಹ ಸಮಯದಲ್ಲಿ ನಾವು ನಾಲ್ಕು ಕಡೆ ಓಡಾಡಿ ಐದು ಜನರನ್ನು ಕೇಳಿ ಗಾಬರಿಯನ್ನು ಹೆಚ್ಚಿಸುವುದು ವಾಡಿಕೆ. ಆ ದಿನ ಓಡಾಡುವಂತಿರಲಿಲ್ಲ. ಪೆಟ್ಟಿಗೆಯ ಮೇಲೆ ಕುಳಿತೆವು. ಮನೆಯವರು ಬೆಂಚಿನ ಮೇಲಿದ್ದ ವೃದ್ಧ ಸ್ತ್ರೀಯೊಬ್ಬರ ಪಕ್ಕದಲ್ಲಿ ಹೋಗಿ ಕುಳಿತು, ಅವಲಕ್ಕಿಯ ಡಬ್ಬಿಯನ್ನು ತೆರೆದು ಮುಂದೆ ಹಿಡಿದರು. ಆಕೆ ಒಂದು ಚಿಟಿಕೆ ತೆಗೆದುಕೊಂಡರು. ಆಕೆಯೂ ಅದೇ ಬಸ್ಸಿಗೆ ಕಾಯುತ್ತಿದ್ದವರು, ಲ್ಯುಬ್ಲ್ಯಾನಾದವರು, ನಿವೃತ್ತ ಉಪಾಧ್ಯಾಯಿನಿ. ಬಸ್ಸು ವೆನಿಸ್ಸಿನ ಕಡೆಯಿಂದಲೇ ಬರತಕ್ಕದ್ದು, ಮುಷ್ಕರದ ದಿನ ರಸ್ತೆಯಲ್ಲಿ ನೂಕುನುಗ್ಗಲು, ಬಂದೇ ಬರುವುದು ಎಂದು ಧೈರ್ಯ ಹೇಳಿದರು. ಐವತ್ತು ನಿಮಿಷ ತಡವಾಗಿ ಬಂದಿತು. ಚಾಲಕನು ರಹದಾರಿಗಳನ್ನು ನೋಡಿ ಹತ್ತಿಸಿದನು.

ಬಸ್ಸು ಕಡಲನ್ನು ಬಿಟ್ಟು ಸುತ್ತಿಕೊಂಡು ಪ್ರಸ್ಥಭೂಮಿಗೆ ಏರಿತು. ಫೆರ್ನೆತ್ತಿ ಎಂಬಲ್ಲಿ ಗಡಿ. ಸ್ಲೊವೇನಿಯವು 2004ರಲ್ಲಿ ಯುರೋಪಿನ ಒಕ್ಕೂಟವನ್ನು ಸೇರಿತು. 2007ರ ಆರಂಭದಲ್ಲಿ ಯೂರೋ ನಾಣ್ಯವು ಬಂದು, ಆ ವರ್ಷದ ಕೊನೆಗೆ ಗಡಿಯ ತಪಾಸಣೆಯೂ ನಿಂತಿತು. 2023ರ ಅಕ್ಟೋಬರಿನಲ್ಲಿ ಇಟಲಿಯು ತನ್ನ ಕಡೆಗೆ ಬರುವವರ ತಪಾಸಣೆಯನ್ನು ಮತ್ತೆ ಮೊದಲಿಟ್ಟಿತು. ಎದುರು ದಿಕ್ಕಿನಲ್ಲಿ ಪೊಲೀಸರು ನಿಂತಿದ್ದಾರೆಂದು ಮನೆಯವರು ಹೇಳಿದರು. ನಮ್ಮನ್ನು ಯಾರೂ ಕೇಳಲಿಲ್ಲ. ಆಚೆ ಕಾರ್ಸ್ಟ್ ಎಂಬ ಸುಣ್ಣಕಲ್ಲಿನ ನಾಡು. ನೀರು ನಿಲ್ಲದೆ ನೆಲದೊಳಗೆ ಇಂಗಿ ಗುಹೆಗಳನ್ನು ಕೊರೆಯುವ ಇಂತಹ ಭೂಮಿಗೆಲ್ಲ ಪ್ರಪಂಚದ ಭೂಶಾಸ್ತ್ರಜ್ಞರು ಈ ನಾಡಿನ ಹೆಸರನ್ನೇ ಇಟ್ಟಿದ್ದಾರೆ.

ಉಪಾಧ್ಯಾಯಿನಿಯವರು ಮುಂದಿನ ಸಾಲಿನಿಂದ ತಿರುಗಿ ಮಾತಿಗೆ ಕುಳಿತರು. ತಮ್ಮ ಭಾಷೆಯಲ್ಲಿ ಗಂಡಹೆಂಡಿರಿಗೆ ಒಂದು ವಿಶೇಷವುಂಟು ಎಂದರು: ಅನೇಕರು ಸೇರಿ ‘ನಾವು’ ಎಂದರೆ ಒಂದು ಶಬ್ದ, ಇಬ್ಬರೇ ಇದ್ದು ‘ನಾವು’ ಎಂದರೆ ಬೇರೊಂದು ಶಬ್ದ. ಇಬ್ಬರಿಗೆ ‘ಮಿದ್ವಾ’. ಕ್ರಿಯಾಪದವೂ ಬೇರೆ: ‘ಸೆಮ್’ ಎಂದರೆ ಇದ್ದೇನೆ, ‘ಸ್ವಾ’ ಎಂದರೆ ಇಬ್ಬರೂ ಇದ್ದೇವೆ, ‘ಸ್ಮೋ’ ಎಂದರೆ ಎಲ್ಲರೂ ಇದ್ದೇವೆ.

ನಮಗೆ ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಧಾತುರೂಪವು ತಾನಾಗಿಯೇ ನಾಲಗೆಗೆ ಬಂದಿತು. “ಅಸ್ಮಿ, ಸ್ವಃ, ಸ್ಮಃ” ಎಂದೆವು. ಆಕೆ ಮತ್ತೊಮ್ಮೆ ಹೇಳಿಸಿದರು. ಬಳಿಕ ತಾವು “ಸೆಮ್, ಸ್ವಾ, ಸ್ಮೋ” ಎಂದರು. ಸಂಸ್ಕೃತವೂ ಸ್ಲಾವ್ ಭಾಷೆಗಳೂ ಒಂದೇ ಮೂಲದವೆಂದು ಓದಿದ್ದೆವು. ಯುರೋಪಿನಲ್ಲಿ ಬಹುಮಟ್ಟಿಗೆ ಅಳಿದುಹೋದ ದ್ವಿವಚನವು ಹೀಗೆ ಬಸ್ಸಿನಲ್ಲಿ ಸಿಕ್ಕುವುದೆಂದು ತಿಳಿದಿರಲಿಲ್ಲ. ಕನ್ನಡದಲ್ಲಿ ಇಬ್ಬರಿದ್ದರೂ ‘ನಾವು’, ಇಪ್ಪತ್ತು ಮಂದಿಯಿದ್ದರೂ ‘ನಾವು’. ಪತ್ರಿಕೆಗೆ ಬರೆಯುವವನು ಒಬ್ಬನೇ ಇದ್ದರೂ ‘ನಾವು’! ಇದನ್ನು ಹೇಳಿದಾಗ ಮನೆಯವರು ನಕ್ಕು, “ಈವತ್ತು ನೀವು ಬರೆದರೆ ಯಾವ ನಾವು ಹಾಕುತ್ತೀರಿ?” ಎಂದು ಕೇಳಿದರು.

ಪೋಸ್ಟೊಯ್ನಾ ಕಳೆದಮೇಲೆ ಬರಿಯ ಕಾಡು. ಆ ದೇಶದಲ್ಲಿ ಅರ್ಧಕ್ಕೂ ಮೇಲ್ಪಟ್ಟ ನೆಲ ಅರಣ್ಯವೇ. ನಮಗೆ ಕಂಡದ್ದು ಒಂದು ಹಸುರು ಗೋಡೆ. ನಡುನಡುವೆ ನಿದ್ರೆಯೂ ಬಂದಿರಬೇಕು. ಲ್ಯುಬ್ಲ್ಯಾನಾದಲ್ಲಿ ಬಸ್ಸಿನಿಂದಿಳಿದಾಗ ಯಾರೋ ಓಡಿಬಂದು ಕಾಲಿಗೆ ಬಗ್ಗಿದರು. ಎದ್ದು ಮುಖವನ್ನು ಹತ್ತಿರಕ್ಕೆ ತಂದಮೇಲೆಯೇ ಮಗಳೆಂದು ಸ್ಪಷ್ಟವಾದದ್ದು. ಅವಳು ಮಧ್ಯಾಹ್ನವೇ ಬಂದು ಎರಡು ಗಂಟೆ ಕಾದಿದ್ದಳು. “ಅಪ್ಪಾ, ಕನ್ನಡಕ ಎಲ್ಲಿ?” ಎಂದಳು. ನಾವು ಉತ್ತರವನ್ನು ಹುಡುಕುತ್ತಿರುವಾಗಲೇ ಅವಳ ತಾಯಿ, “ದೋಣಿ ಅಲ್ಲಾಡಿತು, ಬಿದ್ದುಹೋಯಿತು” ಎಂದು ಮುಗಿಸಿದರು. ದೋಣಿ ಅಲ್ಲಾಡಿರಲಿಲ್ಲ.

ವಸತಿಗೃಹದ ಮೇಜಿನ ಬಳಿ ರಹದಾರಿಗಳನ್ನು ಕೇಳಿದರು. ನಮ್ಮ ಕೈ ಅಭ್ಯಾಸದಿಂದ ಕೋಟಿನ ಒಳಜೇಬಿಗೆ ಹೋಯಿತು. ಆ ವೇಳೆಗೆ ಎರಡೂ ಮೇಜಿನ ಮೇಲಿದ್ದವು. ಮರುದಿನ ಮಗಳು ಅಂಗಡಿಯಿಂದ ಸಿದ್ಧವಾದ ಓದುಗನ್ನಡಕವೊಂದನ್ನು ಕೊಡಿಸಿದಳು. ಪ್ರಯಾಣ ಇನ್ನೂ ಒಂಬತ್ತು ದಿನವಿತ್ತು. ಮನೆಯವರು ಕೈಚೀಲವನ್ನು ತೆರೆದು, “ತೊಗೊಳ್ಳಿ ನಿಮ್ಮ ಟಿಕೀಟುಗಳನ್ನ” ಎಂದರು. ನಿನ್ನಲ್ಲಿಯೇ ಇರಲಿ ಎಂದು ಹೇಳಿ, ನಾವು ಅವಲಕ್ಕಿಯ ಡಬ್ಬಿಯನ್ನು ಎತ್ತಿಕೊಂಡೆವು.