ವರದಿ ನೆಗೆಟಿವ್ ಬಂದ ಮೇಲೂ ಇಳಿಯದ ಭಯ

ಒಂದೇ ಫೈಲಿನಲ್ಲಿ ನಾಲ್ಕೈದು ಲ್ಯಾಬ್‌ಗಳ ಎಚ್‌ಐವಿ ವರದಿಗಳನ್ನು ಇಟ್ಟುಕೊಂಡು ಕ್ಲಿನಿಕ್ಕಿಗೆ ಬರುವವರಿದ್ದಾರೆ. ಎಲ್ಲವೂ ನೆಗೆಟಿವ್. ಆದರೂ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಕೆಲವರಂತೂ ನಿಕಾಹ್ ಅನ್ನೇ ಮುಂದೂಡಿರುತ್ತಾರೆ. "ಹಕೀಮರೇ, ನೀವು ಒಮ್ಮೆ ನಾಡಿ ನೋಡಿ ಹೇಳಿ" ಎಂದು ಕೈ ಚಾಚುತ್ತಾರೆ. ನಾಡಿಯಲ್ಲಿ ಎಚ್‌ಐವಿ ಸಿಗುವುದಿಲ್ಲ. ನಾಲಗೆ, ಕಣ್ಣು, ಮೂತ್ರದ ಬಣ್ಣ ನೋಡಿ ಇದನ್ನು ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ, ಅವರು ಯಾವ ಪದ್ಧತಿಯ ವೈದ್ಯರಾದರೂ ಸರಿ. ಲ್ಯಾಬಿನ ಪರೀಕ್ಷೆಯೊಂದೇ ದಾರಿ. ಅದನ್ನು ಯಾವಾಗ, ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ತಿಳಿದುಕೊಳ್ಳಿ.

ಮೊದಲು, ಭಯ ಹುಟ್ಟಿದ್ದು ಎಲ್ಲಿಂದ ಎಂದು ನೋಡಿ. ಎಚ್‌ಐವಿ ರಕ್ತ, ವೀರ್ಯ, ಯೋನಿದ್ರವ ಮತ್ತು ಎದೆಹಾಲಿನ ಮೂಲಕ ಹರಡುತ್ತದೆ. ಅಸುರಕ್ಷಿತ ಲೈಂಗಿಕ ಸಂಪರ್ಕ, ಹಂಚಿಕೊಂಡ ಸೂಜಿ, ಪರೀಕ್ಷಿಸದ ರಕ್ತ, ಸೋಂಕಿತ ತಾಯಿಯಿಂದ ಮಗುವಿಗೆ - ಮುಖ್ಯ ದಾರಿಗಳು ಇಷ್ಟೇ. ಒಂದೇ ತಟ್ಟೆಯಲ್ಲಿ ಕುಳಿತು ಉಣ್ಣುವುದರಿಂದ, ಮಸೀದಿಯ ಹೌಳ್‌ನಲ್ಲಿ ವುಝೂ ಮಾಡುವುದರಿಂದ, ಮುಸಾಫಹದಿಂದ, ಸೊಳ್ಳೆಯಿಂದ ಬರುವುದಿಲ್ಲ. ಸೋಂಕಿತರ ಮಯ್ಯಿತ್‌ಗೆ ಗುಸ್ಲ್ ಕೊಡಲು ಹಿಂಜರಿಯುವವರನ್ನೂ ಕಂಡಿದ್ದೇನೆ. ಕೈಗವಸು ಹಾಕಿ, ಕೈಯಲ್ಲಿ ಗಾಯವಿದ್ದರೆ ಮುಚ್ಚಿಕೊಂಡು ಗುಸ್ಲ್ ಕೊಟ್ಟರೆ ಹೆದರಬೇಕಾದ್ದೇನೂ ಇಲ್ಲ. ಯಾವ ಮಯ್ಯಿತ್ ಆದರೂ ಹಾಗೆ ಮಾಡುವುದೇ ಒಳ್ಳೆಯದು.

ಕ್ಷೌರದಂಗಡಿಯ ಬ್ಲೇಡಿನ ಭಯ ಬಹಳ ಜನರಿಗಿದೆ. ಹೊರಗಿನ ಗಾಳಿಯಲ್ಲಿ ಒಣಗಿದಾಗ ಎಚ್‌ಐವಿ ಬೇಗ ದುರ್ಬಲವಾಗುತ್ತದೆ. ಸೋಂಕಿತರ ರಕ್ತವಿದ್ದ ಸೂಜಿ ಆಸ್ಪತ್ರೆ ಸಿಬ್ಬಂದಿಗೆ ನೇರವಾಗಿ ಚುಚ್ಚಿಕೊಂಡರೂ ಸೋಂಕು ತಗಲುವುದು 1000ದಲ್ಲಿ ಸುಮಾರು 3 ಸಲ. ಗಡ್ಡ ತೆಗೆಯುವಾಗ ಬಿದ್ದ ಗೀರಿನಿಂದ ಅದು ಬರುವ ಸಂಭವ ಅದಕ್ಕಿಂತಲೂ ತೀರಾ ಕಡಿಮೆ. ಆದರೆ ಹೆಪಟೈಟಿಸ್ ಬಿ ಹಾಗಲ್ಲ. ಅದರ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ಆದ್ದರಿಂದ ಹೊಸ ಬ್ಲೇಡ್ ಕೇಳಿ ಪಡೆಯಿರಿ, ಹೆಪಟೈಟಿಸ್ ಬಿ ಲಸಿಕೆಯನ್ನೂ ಹಾಕಿಸಿಕೊಳ್ಳಿ. ಹಿಜಾಮ ನಮ್ಮದೇ ಕ್ಷೇತ್ರವಾದ್ದರಿಂದ ಸ್ವಲ್ಪ ಕಟುವಾಗಿ ಹೇಳುತ್ತೇನೆ: ಬ್ಲೇಡ್ ಮತ್ತು ಪ್ಲಾಸ್ಟಿಕ್ ಕಪ್ ಎರಡನ್ನೂ ನಿಮ್ಮ ಕಣ್ಣೆದುರೇ ಹೊಸ ಪ್ಯಾಕೆಟ್‌ನಿಂದ ತೆಗೆಯದಿದ್ದರೆ ಎದ್ದು ಬನ್ನಿ. ಬಿಸಿನೀರಿನಲ್ಲಿ ತೊಳೆದಿದ್ದೇವೆ ಎಂಬ ಸಬೂಬು ಬೇಡ. ಮಕ್ಕಳ ಸುನ್ನತಿಗೂ ಇದೇ ಮಾತು. ಇನ್ನು, ಸುನ್ನತಿಯಾದವರಿಗೆ ಎಚ್‌ಐವಿ ಬರುವುದೇ ಇಲ್ಲ ಎಂಬ ಮಾತು ತಪ್ಪು. ಸ್ತ್ರೀಯಿಂದ ಪುರುಷನಿಗೆ ಹರಡುವ ಅಪಾಯ ಅದರಿಂದ ಸುಮಾರು ಶೇ. 60ರಷ್ಟು ಕಡಿಮೆಯಾಗುತ್ತದೆ ಎಂದು ಆಫ್ರಿಕಾದಲ್ಲಿ ನಡೆದ ಅಧ್ಯಯನಗಳು ತೋರಿಸಿವೆ, ಅಷ್ಟೇ. ಉಳಿದ ಅಪಾಯ ಉಳಿದೇ ಇರುತ್ತದೆ.

ಈಗ ಪರೀಕ್ಷೆಯ ವಿಷಯ. ನಿಜವಾಗಿಯೂ ಅಪಾಯದ ಘಟನೆ ನಡೆದಿದ್ದರೆ ಮರುದಿನವೇ ಲ್ಯಾಬಿಗೆ ಓಡಿ ಪ್ರಯೋಜನವಿಲ್ಲ. ಸಾಮಾನ್ಯ ಪರೀಕ್ಷೆ ಹುಡುಕುವುದು ಹೆಚ್ಚಾಗಿ ವೈರಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಸಾಕಷ್ಟು ತಯಾರಾಗಲು ಕೆಲವು ವಾರ ಬೇಕು. ಈ ನಡುವಿನ ಅವಧಿಯನ್ನೇ ವಿಂಡೋ ಪೀರಿಯಡ್ ಎನ್ನುವುದು. ಸರಕಾರಿ ಕೇಂದ್ರಗಳಲ್ಲಿ ಮಾಡುವ ರ‍್ಯಾಪಿಡ್ ಪರೀಕ್ಷೆ ಘಟನೆಯ 3 ತಿಂಗಳ ನಂತರ ನೆಗೆಟಿವ್ ಬಂದರೆ ಅದು ಅಂತಿಮ. ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ ಪ್ರತಿಕಾಯದ ಜೊತೆ ವೈರಾಣುವಿನ ಪಿ24 ಎಂಬ ಪ್ರೋಟೀನನ್ನೂ ಹುಡುಕುವುದರಿಂದ 45 ದಿನಗಳಲ್ಲೇ ಭರವಸೆಯ ಉತ್ತರ ಕೊಡುತ್ತದೆ. 6 ತಿಂಗಳು ಕಾಯಬೇಕೆಂಬುದು ಹಳೆಯ ಕಿಟ್‌ಗಳ ಕಾಲದ ಮಾತು.

ಪಾಸಿಟಿವ್ ಬಂದರೆ? ಒಂದು ಲೆಕ್ಕ ನೋಡಿ. ನಮ್ಮ ದೇಶದ ವಯಸ್ಕರಲ್ಲಿ ಸೋಂಕಿತರ ಪ್ರಮಾಣ ಸುಮಾರು ಶೇ. 0.2. ಅಂದರೆ 1000 ಜನರಲ್ಲಿ ಇಬ್ಬರು. ಒಂದು ಕಿಟ್ ಸೋಂಕಿಲ್ಲದ 200 ಜನರಲ್ಲಿ ಒಬ್ಬರಿಗೆ ಮಾತ್ರ ತಪ್ಪು ತೋರಿಸುತ್ತದೆ ಎಂದಿಟ್ಟುಕೊಂಡರೂ, ಆ 1000ದಲ್ಲಿ ಸುಮಾರು ಐವರಿಗೆ ಸುಳ್ಳು ಪಾಸಿಟಿವ್ ಬರುತ್ತದೆ. ನಿಜವಾದವು ಎರಡು, ಸುಳ್ಳು ಐದು! ಅದಕ್ಕೇ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಮೂರು ಬೇರೆಬೇರೆ ಕಿಟ್‌ಗಳಲ್ಲಿ ಪರೀಕ್ಷಿಸಿದ ಬಳಿಕವೇ ಪಾಸಿಟಿವ್ ಎಂದು ಹೇಳುವ ಕ್ರಮ ಇಟ್ಟಿದೆ. ಗಲ್ಫ್ ಮೆಡಿಕಲ್‌ನಲ್ಲೋ ಮದುವೆ ಮುಂಚಿನ ತಪಾಸಣೆಯಲ್ಲೋ ಒಂದು ಲ್ಯಾಬಿನ ಕಾಗದ ಪಾಸಿಟಿವ್ ಎಂದ ಮಾತ್ರಕ್ಕೆ ಊರಿಗೆಲ್ಲ ಸುದ್ದಿ ಮಾಡಬೇಡಿ, ಸಂಬಂಧ ಮುರಿಯಬೇಡಿ. ಜಿಲ್ಲಾ ಆಸ್ಪತ್ರೆಯ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ (ಐಸಿಟಿಸಿ) ಹೋಗಿ. ಅಲ್ಲಿ ಪರೀಕ್ಷೆ ಉಚಿತ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ನಿಮ್ಮ ವಿವರ ಗುಟ್ಟಾಗಿರಬೇಕು, ಊರವರಿಗಾಗಲಿ ಜಮಾಅತಿಗಾಗಲಿ ತಿಳಿಸುವಂತಿಲ್ಲ.

ಸೋಂಕು ಖಚಿತವಾದರೆ 2004ರಿಂದ ಸರಕಾರ ಉಚಿತವಾಗಿ ಕೊಡುತ್ತಿರುವ ಎಆರ್‌ಟಿ ಮಾತ್ರೆಗಳನ್ನು ಕೂಡಲೇ ಆರಂಭಿಸಿ. ನಿಯಮಿತವಾಗಿ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ಹರಡುವುದಿಲ್ಲ. ಯುನಾನಿಯಲ್ಲಿ ಎಚ್‌ಐವಿಯನ್ನು ಗುಣಪಡಿಸುವ ಔಷಧವಿಲ್ಲ. ಇದೆ ಎಂದು ಸಾವಿರಾರು ರೂಪಾಯಿಯ ಮಾಜೂನ್ ಮಾರುವವರ ಮಾತು ಕೇಳಿ ಎಆರ್‌ಟಿ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಸರಿಯಾದ ಅವಧಿಯ ನಂತರ ನೆಗೆಟಿವ್ ಬಂದೂ ಭಯ ಹೋಗದಿದ್ದರೆ? ಸೋಂಕು ತಗಲಿದ 2ರಿಂದ 4 ವಾರಗಳಲ್ಲಿ ಕೆಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ದದ್ದು ಬರುತ್ತದೆ ಎಂದು ಓದಿದವರು ದಿನಕ್ಕೆ ಹತ್ತು ಸಲ ಕನ್ನಡಿ ನೋಡುತ್ತಾರೆ. ಇವು ಯಾವ ವೈರಲ್ ಜ್ವರದಲ್ಲೂ ಬರುತ್ತವೆ. ಬಾಯಿ ಒಣಗುವುದು, ಹೊಟ್ಟೆ ಕೆಡುವುದು, ತೂಕ ಇಳಿಯುವುದು ಆತಂಕದಿಂದಲೇ ಆಗುತ್ತದೆ. ವುಝೂ ಮಾಡಿ ಮುಗಿಸಿದ ಮೇಲೂ ಮೊಣಕೈ ನೆನೆಯಲಿಲ್ಲವೇನೋ ಎಂದು ಮತ್ತೆ ಮತ್ತೆ ನಲ್ಲಿಗೆ ಹೋಗುವವರನ್ನು ನೀವು ನೋಡಿರಬಹುದು. ನಾವು ಅದನ್ನು ವಸ್ವಾಸ್ ಎನ್ನುತ್ತೇವೆ. ನೀರು ಹೆಚ್ಚು ಸುರಿದಷ್ಟೂ ಸಂಶಯ ಹೆಚ್ಚುತ್ತದೆ. ಆರನೆಯ ಎಚ್‌ಐವಿ ಪರೀಕ್ಷೆಯೂ ಹಾಗೆಯೇ. ಸುಮಾರು 1100 ವರ್ಷಗಳ ಹಿಂದೆಯೇ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಬರೆದ ಗ್ರಂಥದಲ್ಲಿ ವಸ್ವಾಸನ್ನು ಚಿಕಿತ್ಸೆ ಬೇಕಾದ ಕಾಯಿಲೆಯಾಗಿಯೇ ವಿವರಿಸಿದ್ದಾರೆ. ಇದು ಈಮಾನಿನ ಕೊರತೆಯಲ್ಲ. ಪರೀಕ್ಷೆಯನ್ನು ಅಲ್ಲಿಗೆ ನಿಲ್ಲಿಸಿ, ಮನೋವೈದ್ಯರನ್ನು ಕಾಣಿ. ಹೋಗಲು ಸಂಕೋಚವಾದರೆ ಸರಕಾರದ ಟೆಲಿ ಮಾನಸ್‌ಗೆ 14416ರಲ್ಲಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಗಂಡಸರಿಗೆ ಇನ್ನೊಂದು ಮಾತು. ಭಯಕ್ಕೆ ನಿಜವಾದ ಕಾರಣವಿದ್ದರೆ ಪರೀಕ್ಷೆಯ ಅವಧಿ ಮುಗಿಯುವವರೆಗೆ ಪತ್ನಿಯೊಂದಿಗೆ ಕಾಂಡೋಮ್ ಇಲ್ಲದೆ ಸೇರಬೇಡಿ. ನಿಮ್ಮ ಮುಜುಗರದ ಬೆಲೆಯನ್ನು ಅವರು ತೆರಬೇಕಾಗಿಲ್ಲ. ಘಟನೆ ನಡೆದು 72 ಗಂಟೆ ಕಳೆದಿರದಿದ್ದರೆ ಪರೀಕ್ಷೆಗಾಗಿ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ. ಸೋಂಕು ತಡೆಯುವ ಪಿಇಪಿ ಎಂಬ ಮಾತ್ರೆಗಳನ್ನು 28 ದಿನ ತೆಗೆದುಕೊಳ್ಳಬೇಕಾಗುತ್ತದೆ, ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ನ್ಯಾಕೋದ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ.