ಹಾರುವ ಓತಿ ಮತ್ತು ಜನಪ್ರೀತಿ: ಕಾಫಿ ಸೀಮೆಯ ಒಂದು ಸಾಂಸ್ಕೃತಿಕ ವಿದ್ಯಮಾನ

ನಿಸರ್ಗದ ಒಂದು ವಸ್ತು ಜನಸಮುದಾಯದ ಪ್ರೀತಿಗೆ ಪಾತ್ರವಾಗಬೇಕಾದರೆ ಅದಕ್ಕೊಂದು ಕಥೆ ಕೂಡಿಕೊಳ್ಳಬೇಕಾಗುತ್ತದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ 1905ರಲ್ಲಿ ಅನಾವರಣಗೊಂಡ ಡಿಪ್ಲೊಡೋಕಸ್ ಡೈನೋಸಾರಿನ ಅಸ್ಥಿಪಂಜರ ಇದಕ್ಕೆ ಪ್ರಸಿದ್ಧ ನಿದರ್ಶನ. ಅದು ನಿಜವಾದ ಮೂಳೆಯಲ್ಲ. ಅಮೆರಿಕದಲ್ಲಿ ದೊರೆತ ಪಳೆಯುಳಿಕೆಯ ಪ್ಲಾಸ್ಟರ್ ಅಚ್ಚು. ಆದರೂ ಜನರು ಅದಕ್ಕೆ ‘ಡಿಪ್ಪಿ’ ಎಂಬ ಮುದ್ದಿನ ಹೆಸರಿಟ್ಟರು. 2017ರಲ್ಲಿ ಪ್ರಧಾನ ಸಭಾಂಗಣದಿಂದ ಹೊರಬಂದ ಡಿಪ್ಪಿ, 2018ರಿಂದ 2021ರವರೆಗೆ ಬ್ರಿಟನ್ನಿನ 8 ಸ್ಥಳಗಳನ್ನು ಸುತ್ತಿ ಬಂದಿತು. ಜನರ ಪ್ರೀತಿಗೆ ವಸ್ತುವಿನ ಅಸಲಿತನಕ್ಕಿಂತ ಅದರೊಡನೆ ಬೆಳೆದ ನೆನಪು ಮುಖ್ಯವೆಂಬುದನ್ನು ಇದು ತೋರಿಸುತ್ತದೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಡೈನೋಸಾರಿನ ಪಳೆಯುಳಿಕೆ ದೊರೆಯುವಂತಿಲ್ಲ. ಇಲ್ಲಿನ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಡೈನೋಸಾರುಗಳು ಭೂಮಿಯ ಮೇಲೆ ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ನೆಲವೇ ಆ ಪ್ರಾಣಿಗಳಿಗಿಂತ ಬಹುಪಾಲು ಹಳೆಯದು. ಆದರೆ ಪುರಾತನವಾದುದರ ಬಗೆಗಿನ ಬೆರಗು ಇಲ್ಲಿಯೂ ಆಶ್ರಯವನ್ನು ಹುಡುಕಿಕೊಂಡಿದೆ. ಕಳಸದ ಬಳಿಯ ಅಂಬುತೀರ್ಥದಲ್ಲಿ, ಭದ್ರಾ ನದಿಯ ತಟದಲ್ಲಿರುವ ಬೃಹತ್ ಬಂಡೆಯನ್ನು ಮಧ್ವಾಚಾರ್ಯರು ಒಂದೇ ಕೈಯಿಂದ ತಂದಿರಿಸಿದರೆಂದು ಅದರ ಮೇಲಿನ ಸಂಸ್ಕೃತ ಶಾಸನ ಹೇಳುತ್ತದೆ. ಹೊಳೆಯ ಬದಿಯ ಕಲ್ಲೊಂದು ಕಥೆಯ ಬಲದಿಂದ ಯಾತ್ರಾಸ್ಥಳವಾದ ಬಗೆ ಅದು. ಇದೇ ಸೀಮೆಯಲ್ಲಿ, ನಮ್ಮ ಕಾಲದಲ್ಲಿಯೇ, ಹರಿದಾಡುವ ಒಂದು ಸಣ್ಣ ಜೀವಿಗೂ ಇಂತಹ ಭಾಗ್ಯ ಒದಗಿತು. ಅದು ಹಾರುವ ಓತಿ.

ಕನ್ನಡದ ಜನಪದರಲ್ಲಿ ಓತಿಕ್ಯಾತಕ್ಕೆ ಗೌರವದ ಸ್ಥಾನವಿರಲಿಲ್ಲ. ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಅದು ಮಕ್ಕಳ ಕಲ್ಲೇಟಿಗೆ ಗುರಿ. ಬಡಕಲು ಮೈಯವರನ್ನು ಹಂಗಿಸಲು ಬಳಸುವ ಉಪಮೆ. ಇಂತಹ ಪ್ರಾಣಿಯ ಕುಲಬಾಂಧವನೊಂದನ್ನು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು (1938-2007) 1980ರಲ್ಲಿ ಪ್ರಕಟವಾದ ‘ಕರ್ವಾಲೋ’ ಕಾದಂಬರಿಯ ಕೇಂದ್ರದಲ್ಲಿರಿಸಿದರು. ಮೂಡಿಗೆರೆಯ ಜೇನು ಸೊಸೈಟಿಯಿಂದ ತೊಡಗುವ ಕಥನವು ಘಟ್ಟದ ದಟ್ಟ ಕಾಡಿನ ಅಂಚಿನಲ್ಲಿ ಮುಗಿಯುತ್ತದೆ. ಯುಗಾಂತರಗಳನ್ನು ದಾಟಿ ಉಳಿದ ಜೀವಿಯೆಂದು ವಿಜ್ಞಾನಿ ಹುಡುಕುವ ಓತಿಯನ್ನು ಮೊದಲು ಕಂಡವನು ಹಳ್ಳಿಗ ಮಂದಣ್ಣ. ಕೊನೆಗೂ ಅದು ಯಾರ ಕೈಗೂ ಸಿಕ್ಕದೆ ಪ್ರಪಾತದ ಮೇಲೆ ತೇಲಿ ಹೋಗುತ್ತದೆ. ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆ ಮಾಡುವ ಕೆಲಸವನ್ನು ಇಲ್ಲಿ ಕಾದಂಬರಿ ಮಾಡಿತು. ಆದರೆ ಪ್ರಾಣಿಯನ್ನು ಹಿಡಿದಿಡದೆ ಮಾಡಿತು. ಓದುಗರ ಮನಸ್ಸಿನಲ್ಲಿ ಅದು ಉಳಿದದ್ದಕ್ಕೆ ಈ ಕೈತಪ್ಪುವಿಕೆಯೂ ಒಂದು ಕಾರಣವೆನ್ನಬಹುದು.

ವಾಸ್ತವದ ಹಾರುವ ಓತಿ ಪಳೆಯುಳಿಕೆಯಲ್ಲ, ಡೈನೋಸಾರಿನ ಸಂತತಿಯೂ ಅಲ್ಲ. ಡ್ರೇಕೋ ಡಸುಮಿಯರಿ ಎಂಬ ಹೆಸರಿನಿಂದ 1837ರಲ್ಲಿ ಫ್ರೆಂಚ್ ವಿಜ್ಞಾನಿಗಳಾದ ಡ್ಯುಮೆರಿಲ್ ಮತ್ತು ಬಿಬ್ರೋನ್ ಇದನ್ನು ವರ್ಣಿಸಿದರು. ಬೇಲಿಯ ಓತಿಕ್ಯಾತ ಸೇರಿರುವ ಅಗಾಮಿಡೇ ಕುಟುಂಬಕ್ಕೇ ಇದೂ ಸೇರುತ್ತದೆ. ಪಕ್ಕೆಲುಬುಗಳು ಉದ್ದವಾಗಿ ಹೊರಚಾಚಿ, ಅವುಗಳ ಮೇಲೆ ಚರ್ಮ ಹರಡಿ ರೆಕ್ಕೆಯಂತಾಗುತ್ತದೆ. ಇದು ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ. ಎತ್ತರದಿಂದ ಇಳಿಜಾರಾಗಿ ತೇಲಿ ಮತ್ತೊಂದು ಮರದ ಬೊಡ್ಡೆಗೆ ಅಂಟುತ್ತದೆ. ಗಂಡಿನ ಗಂಟಲ ಕೆಳಗೆ ಹಳದಿಯ ಚರ್ಮದ ಮಡಿಕೆಯಿರುತ್ತದೆ. ಇರುವೆಗಳೇ ಇದರ ಮುಖ್ಯ ಆಹಾರ. ಇಂಗ್ಲೆಂಡಿನಲ್ಲಿ ದೊರೆತ, 20 ಕೋಟಿ ವರ್ಷಗಳಿಗೂ ಹಿಂದಿನ ಕ್ಯೂನಿಯೊಸಾರಸ್ ಎಂಬ ಸರೀಸೃಪದಲ್ಲಿಯೂ ಇಂತಹದೇ ಪಕ್ಕೆಲುಬಿನ ರೆಕ್ಕೆಯಿತ್ತು. ಆದರೆ ಎರಡರ ನಡುವೆ ವಂಶದ ಸಂಬಂಧವಿಲ್ಲ. ಒಂದೇ ಉಪಾಯವು ಬೇರೆ ಬೇರೆ ಕಾಲದಲ್ಲಿ ಸ್ವತಂತ್ರವಾಗಿ ಮೂಡಿದೆ.

ಇಲ್ಲಿ ಜನಪ್ರೀತಿಯ ಒಂದು ತೊಡಕು ಗೋಚರಿಸುತ್ತದೆ. ಕಾದಂಬರಿಯ ಓತಿ ಅಪರೂಪದ್ದು, ದುರ್ಗಮ ಕಾಡಿನದು. ನಿಜವಾದ ಓತಿ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಮಾತ್ರವಲ್ಲದೆ ಅಡಿಕೆ ತೋಟಗಳಲ್ಲಿಯೂ ಬದುಕುತ್ತದೆ. ಮರದ ತೊಗಟೆಯ ಬಣ್ಣದಲ್ಲಿ ಬೆರೆತು ಕುಳಿತ ಅದನ್ನು ಗುರುತಿಸುವ ಕಣ್ಣು ತೋಟದಲ್ಲಿ ದಿನವೂ ದುಡಿಯುವವರದು. ಪುಸ್ತಕವನ್ನು ಮೆಚ್ಚಿ ದೂರದಿಂದ ಬಂದ ಓದುಗ ಪುರಾತನದ ಪ್ರತಿನಿಧಿಯನ್ನು ಅರಸುತ್ತ, ಎದುರಿನ ಅಡಿಕೆ ಮರದ ಮೇಲಿರುವ ಜೀವಿಯನ್ನೇ ಕಾಣದೆ ಹೋಗಬಹುದು. ಮಂದಣ್ಣನ ತಿಳಿವಳಿಕೆಯನ್ನು ವಿಜ್ಞಾನಿ ಗೌರವಿಸುವುದೇ ಕಾದಂಬರಿಯ ತಿರುಳೆಂಬುದನ್ನು ನೆನೆದರೆ, ಈ ಮರೆವು ಸಣ್ಣದಲ್ಲ.

ಡಿಪ್ಪಿಗೂ ಹಾರುವ ಓತಿಗೂ ಇರುವ ಮೂಲಭೂತ ವ್ಯತ್ಯಾಸ ಇಲ್ಲಿದೆ. ಅಚ್ಚಿಗೆ ಧಕ್ಕೆಯಾದರೆ ಮತ್ತೊಂದನ್ನು ಎರಕ ಹೊಯ್ಯಬಹುದು. ಓತಿಗೆ ತೇಲಿ ಹೋಗಲು ಒಂದು ಮರದಿಂದ ಮತ್ತೊಂದು ಮರಕ್ಕೆ ಅಳತೆಯ ಅಂತರ ಬೇಕು. ತಿನ್ನಲು ಇರುವೆ ಬೇಕು. ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿಯುವುದರಿಂದ ಮರದ ಬುಡದ ಮಣ್ಣು ಸಹ ಸುರಕ್ಷಿತವಾಗಿರಬೇಕು. ಹೀಗಾಗಿ ಮರಗಳನ್ನು ಕಡಿಯುವ, ಇರುವೆಗೆ ಕೀಟನಾಶಕ ಸಿಂಪಡಿಸುವ ನಿರ್ಧಾರಗಳು ಈ ಜೀವಿಯ ಪಾಲಿಗೆ ನಿರ್ಣಾಯಕ. ಸದ್ಯ ಇದು ಅಳಿವಿನಂಚಿನ ಪ್ರಭೇದವೆಂದು ಪರಿಗಣಿತವಾಗಿಲ್ಲ. ಅದು ಸಮಾಧಾನದ ಸಂಗತಿ, ಉದಾಸೀನಕ್ಕೆ ಅನುಮತಿಯಲ್ಲ.

ಕಥೆಯೊಂದು ಕಲ್ಲೇಟಿನ ಗುರಿಯಾಗಿದ್ದ ಕುಲದ ಪ್ರಾಣಿಯನ್ನು ಕೌತುಕದ ಕೇಂದ್ರವಾಗಿಸಿದ್ದು ಕನ್ನಡ ಸಂಸ್ಕೃತಿಯ ಇತ್ತೀಚಿನ ಚರಿತ್ರೆಯಲ್ಲಿ ಗಮನಾರ್ಹ ಘಟನೆ. ಆ ಪ್ರೀತಿ ಪುಸ್ತಕದ ಓತಿಯಿಂದ ತೋಟದ ಓತಿಯವರೆಗೆ ಇಳಿದು ಬಂದಾಗಲೇ ಅದು ಸಾರ್ಥಕವಾಗುತ್ತದೆ. ಇಲ್ಲವಾದರೆ ಜೀವಂತ ಪ್ರಾಣಿಯೊಂದು ತನ್ನ ನೆಲದಲ್ಲಿಯೇ ಪಳೆಯುಳಿಕೆಯಾಗಿ, ನೆನಪಿಗೆ ಮಾತ್ರ ಸಲ್ಲುವ ಅಪಾಯವಿದೆ.