ಮೊಸರನ್ನದಲ್ಲಿ ಅಡಗಿಸಿದ ಮಾತ್ರೆ

‘ನಾಯಿಗೆ ತಾನೆ, ಅರ್ಧ ಮಾತ್ರೆ ಹಾಕಿ ಸಾಕು.’ ಮೆಡಿಕಲ್ ಸ್ಟೋರ್‌ಗಳಲ್ಲಿ ಈ ಸಲಹೆ ಪುಕ್ಕಟೆ ಸಿಗುತ್ತದೆ. ಮೈ ಚಿಕ್ಕದು, ಹಾಗಾಗಿ ಔಷಧಿಯೂ ಚಿಕ್ಕದು ಎಂಬ ಲೆಕ್ಕ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಈ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ. ಉಣ್ಣೆ ಕಚ್ಚಿ ಬರುವ ಎರ್ಲಿಕಿಯ ಸೋಂಕಿಗೆ, ಅಂದರೆ ನಾವು ಟಿಕ್ ಫೀವರ್ ಅನ್ನುವುದಕ್ಕೆ, ನಾಯಿಗೆ ಸಾಮಾನ್ಯವಾಗಿ ಕೊಡುವುದು ಕಿಲೋ ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ. 20 ಕಿಲೋ ನಾಯಿಗೆ 200 ಮಿಲಿಗ್ರಾಂ ಆಯಿತು. 70 ಕಿಲೋ ತೂಗುವ ಅದರ ಯಜಮಾನನಿಗೆ ಡಾಕ್ಟರು ಬರೆಯುವುದೂ ಹೆಚ್ಚಾಗಿ ಅಷ್ಟೇ!

ಇನ್ನೊಂದು ಎಡವಟ್ಟು ದಿನಗಳದ್ದು. ಮಾತ್ರೆ ಶುರುವಾದ ಎರಡು ಮೂರು ದಿನಕ್ಕೆ ಜ್ವರ ಇಳಿದು, ನಾಯಿ ಎದ್ದು ತಟ್ಟೆ ನೆಕ್ಕುತ್ತದೆ. ‘ಹುಷಾರಾಯ್ತಲ್ಲ’ ಎಂದು ಉಳಿದ ಸ್ಟ್ರಿಪ್ ಫ್ರಿಜ್ ಮೇಲೆ ಸೇರುತ್ತದೆ. ಎರ್ಲಿಕಿಯ ಬಿಳಿ ರಕ್ತಕಣಗಳ ಒಳಗೇ ಮನೆ ಮಾಡುವ ರೋಗಾಣು. ಅದಕ್ಕೇ ಪಶುವೈದ್ಯರು 28 ದಿನ ಬರೆಯುವುದು. ಮಧ್ಯೆ ಬಿಟ್ಟರೆ ಅದು ಗುಲ್ಮದಲ್ಲಿ, ಮೂಳೆಮಜ್ಜೆಯಲ್ಲಿ ತಿಂಗಳುಗಟ್ಟಲೆ ಕೂತು, ಒಂದು ದಿನ ಮೂಗಿನಿಂದ ರಕ್ತ ಸೋರಿದಾಗಷ್ಟೇ ಗೊತ್ತಾಗಬಹುದು. ಹಾಗಂತ ಎಲ್ಲ ಕಾಯಿಲೆಗೂ ಹೆಚ್ಚು ದಿನ ಕೊಟ್ಟಷ್ಟೂ ಒಳ್ಳೆಯದು ಅಂತಲ್ಲ. ಹೆಣ್ಣುನಾಯಿಯ ಸಾಧಾರಣ ಮೂತ್ರಕೋಶದ ಸೋಂಕಿಗೆ 3ರಿಂದ 5 ದಿನ ಸಾಕು ಎಂದು 2019ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳಿದೆ.

ಇನ್ನು ಮೊಸರನ್ನಕ್ಕೆ ಬರೋಣ. ಮಾತ್ರೆ ತುಂಡು ಮಾಡಿ ಮೊಸರನ್ನದಲ್ಲಿ ಕಲಸುವುದು ನಮ್ಮ ಮನೆಗಳ ಹಳೇ ಉಪಾಯ. ಮೊಸರು, ಹಾಲು, ಪನೀರಿನಲ್ಲಿರುವ ಕ್ಯಾಲ್ಸಿಯಂ ಡಾಕ್ಸಿಸೈಕ್ಲಿನ್, ಎನ್ರೋಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್‌ನಂಥ ಮಾತ್ರೆಗಳನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ. ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಅಷ್ಟಕ್ಕೂ, ಜಾಣ ನಾಯಿ ಅನ್ನವನ್ನೆಲ್ಲ ತಿಂದು ತುಂಡನ್ನು ಮಾತ್ರ ತಟ್ಟೆಯ ಅಂಚಿಗೆ ತಳ್ಳಿರುತ್ತದೆ. ಬೇಯಿಸಿದ ಕೋಳಿಯ ಚೂರೋ ಚಪಾತಿಯ ಉಂಡೆಯೋ ಇದಕ್ಕಿಂತ ವಾಸಿ. ಸಿಪ್ರೋಫ್ಲಾಕ್ಸಾಸಿನ್ ಅಂತೂ ನಾಯಿ ಬೆಕ್ಕುಗಳ ಕರುಳಿನಲ್ಲಿ ಹೀರಿಕೆಯಾಗುವುದೇ ಅಷ್ಟಕ್ಕಷ್ಟೆ. ಮನೆಯಲ್ಲಿ ಉಳಿದದ್ದನ್ನು ಕೊಟ್ಟು ‘ಔಷಧಿ ಹಿಡಿಯಲೇ ಇಲ್ಲ’ ಎಂದು ಗೊಣಗುವವರಿಗೆ ಇದು ಗೊತ್ತಿರುವುದಿಲ್ಲ.

ಬೆಕ್ಕಿನ ವಿಷಯ ಬೇರೆಯೇ. ಬಾಯಿ ಬಿಡಿಸಿ, ಮಾತ್ರೆ ನಾಲಿಗೆಯ ಬುಡಕ್ಕೆ ತಳ್ಳಿ, ಗಂಟಲು ನೀವಿದರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ನಿಮಿಷಗಟ್ಟಲೆ ಸಿಕ್ಕಿಕೊಂಡಿರಬಹುದು. ಡಾಕ್ಸಿಸೈಕ್ಲಿನ್ ಹೀಗೆ ನಿಂತರೆ ಕರಗಿ ಅಲ್ಲೇ ಸುಡುತ್ತದೆ. ಹುಣ್ಣು ಮಾಯುವಾಗ ನಾಳ ಕಿರಿದಾಗಿ, ಕೆಲವು ದಿನಗಳ ಮೇಲೆ ಬೆಕ್ಕು ತಿಂದದ್ದನ್ನೆಲ್ಲ ಹಾಗೇ ಹೊರಹಾಕತೊಡಗುತ್ತದೆ. ತಪ್ಪಿಸುವುದು ಸುಲಭ: ಮಾತ್ರೆಯ ಹಿಂದೆಯೇ ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಯ ಪಕ್ಕದಲ್ಲಿ 5-6 ಮಿಲಿ ನೀರು ನಿಧಾನವಾಗಿ ಬಿಡಿ, ಇಲ್ಲವೇ ಒಂದು ತುತ್ತು ಮೆತ್ತನೆಯ ಊಟ ತಿನ್ನಿಸಿ. ಮಾತ್ರೆ ಹಾಕಿದೊಡನೆ ಬೆಕ್ಕು ನೊರೆ ಕಕ್ಕಿದರೆ ವಿಷವಾಯಿತೆಂದು ಗಾಬರಿಯಾಗುವವರಿದ್ದಾರೆ. ಹೆಚ್ಚಿನ ಸಲ ಅದು ಬರೀ ಕಹಿಯ ಕಾಟ, ಮೆಟ್ರೋನಿಡಾಝೋಲ್‌ನಲ್ಲಂತೂ ಮಾಮೂಲು. ನಿಜಕ್ಕೂ ಹೆದರಬೇಕಾದದ್ದು ನಾಯಿಯ ಎನ್ರೋಫ್ಲಾಕ್ಸಾಸಿನ್ ಮಾತ್ರೆಯನ್ನು ಅಂದಾಜಿಗೆ ಮುರಿದು ಬೆಕ್ಕಿಗೆ ಕೊಡುವುದಕ್ಕೆ. ದಿನಕ್ಕೆ ಕಿಲೋಗೆ 5 ಮಿಲಿಗ್ರಾಂ ದಾಟಿದರೆ ಅಕ್ಷಿಪಟಲ ಹಾಳಾಗಿ ಬೆಕ್ಕು ಕುರುಡಾಗಬಹುದು.

‘ವೈರಸ್ಸಿಗೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ, ಪಾರ್ವೋಗೆ ಯಾಕೆ ಕೊಟ್ಟರು?’ ಇದು ಓದಿಕೊಂಡವರ ತಕರಾರು. ಮೊದಲರ್ಧ ಸರಿ. ಪಾರ್ವೋ ವೈರಸ್ ನಾಯಿಯ ಕರುಳಿನ ಒಳಪದರವನ್ನು ಕಿತ್ತುಹಾಕಿ ಬಿಳಿ ರಕ್ತಕಣಗಳನ್ನೂ ಕುಗ್ಗಿಸುವುದರಿಂದ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತದೆ. ಔಷಧಿ ಇರುವುದು ಅದಕ್ಕೆ, ಅದೂ ಹೆಚ್ಚಾಗಿ ಇಂಜೆಕ್ಷನ್ ರೂಪದಲ್ಲಿ. ಆಟವಾಡಿಕೊಂಡೇ ಇರುವ ನಾಯಿಯ ಒಂದೆರಡು ದಿನದ ಮಾಮೂಲಿ ಭೇದಿಗೆ ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಬೇಕಾಗುವುದಿಲ್ಲ.

ಇನ್ನು, ಬೆಕ್ಕು ಉಚ್ಚೆಗೆ ತಿಣುಕಿದರೆ ‘ಇನ್‌ಫೆಕ್ಷನ್’ ಎಂದುಕೊಳ್ಳುವುದು. ಎಳೆ ಮತ್ತು ನಡುವಯಸ್ಸಿನ ಬೆಕ್ಕುಗಳಲ್ಲಿ ಹೆಚ್ಚಿನ ಸಲ ಅಲ್ಲಿ ಬ್ಯಾಕ್ಟೀರಿಯಾ ಇರುವುದೇ ಇಲ್ಲ. ಮೂತ್ರಕೋಶದ ಉರಿಯೂತ ಅಥವಾ ಹರಳು ಕಾರಣ. ಗಂಡುಬೆಕ್ಕು ಪದೇ ಪದೇ ಕೂತು ಹನಿಯೂ ಬರದಿದ್ದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಮಾತ್ರೆ ಕೊಟ್ಟು ನಾಳೆ ನೋಡೋಣ ಎಂದರೆ ಎರಡು ಮೂರು ದಿನದಲ್ಲಿ ಪ್ರಾಣವೇ ಹೋಗಬಹುದು. ರಾತ್ರಿಯಾಗಿದ್ದರೂ ಆಗಲೇ ಆಸ್ಪತ್ರೆಗೆ ಒಯ್ಯಬೇಕು.